ನೀಲಾಂಬಿಕೆಯ ಕೈಗುಣ

ನೀಲಾಂಬಿಕ ಒಂದೆಡೆ ನೆಟ್ಟಗೆ ಕೂತದ್ದನ್ನು ಶಿಕಾರಿಪುರದಲ್ಲಿ ಕಂಡವರು ಕಡಿಮೆ. ಉಣ್ಣುವಾಗಲೂ ಒಂದು ಕಾಲು ಮಡಚಿ ಇನ್ನೊಂದನ್ನು ಊರಿಕೊಂಡೇ ಇರುತ್ತಿದ್ದಳು. ಯಾರಾದರೂ ಕರೆದರೆ ಸಾಕು, ಕೈ ತೊಳೆದು ಹೊರಟುಬಿಡುವ ಭಂಗಿ.

ಮೊದಲು ಹಾಗಿರಲಿಲ್ಲವಂತೆ. ಮದುವೆಯಾದ ಹೊಸದರಲ್ಲಿ ಗಂಡ ಹೆಂಡತಿ ಇಬ್ಬರಿಗೂ ಒಟ್ಟಿಗೇ ವಿಷಮಶೀತ ಜ್ವರ ಬಂತು. ಟೈಫಾಯ್ಡ್ ಅನ್ನುವ ಹೆಸರು ಆಗ ಊರಿನ ಬಾಯಿಗೆ ಬಂದಿರಲಿಲ್ಲ. ಗಂಡ ಹೋದ. ಇವಳು ಉಳಿದಳು. ತಲೆಗೂದಲೆಲ್ಲ ಉದುರಿ, ಎಲುಬಿನ ಹಂದರವಾಗಿ, ಗೋಡೆ ಹಿಡಿದು ನಡೆದಾಡಿ, ಕಡೆಗೊಮ್ಮೆ ಚೇತರಿಸಿಕೊಂಡಳು. ಕೂದಲೂ ಮತ್ತೆ ಬಂತು, ಮೊದಲಿಗಿಂತ ದಟ್ಟವಾಗಿ. ಆದರೆ ಆ ಮನೆಯೊಳಗೆ ಸುಮ್ಮನೆ ಕೂರುವುದು ಮಾತ್ರ ಆಗಲಿಲ್ಲ. ಕೂತರೆ ಗಂಡ ಮಲಗಿದ್ದ ಮೂಲೆ ಕಣ್ಣಿಗೆ ಬೀಳುತ್ತಿತ್ತು. ಯಾರದೋ ಲಗ್ನಕ್ಕೆ ಹೋಳಿಗೆ ತಟ್ಟಲು ಹೋದಳು. ಆ ಮನೆಯವರು ಇನ್ನೊಂದು ಮನೆಗೆ ಹೇಳಿದರು. ಹೀಗೆ ವರ್ಷಗಳು ಉರುಳಿ, ಸಾವಿರದ ಒಂಬೈನೂರ ಐವತ್ತೇಳರ ಹೊತ್ತಿಗೆ ಶಿಕಾರಿಪುರ ಸೊರಬದ ನಡುವೆ ಅವಳ ಜನದ ಮದುವೆಯೆಂದರೆ ಪುರೋಹಿತರಿಗೆ ಮೊದಲು ನೀಲಕ್ಕನಿಗೆ ಹೇಳಿಕಳಿಸುವ ರೂಢಿಯಾಗಿತ್ತು.

ಅವಳ ಅಡುಗೆಯಲ್ಲಿ ಎಲ್ಲರೂ ಕಾಯುತ್ತಿದ್ದದ್ದು ಬಾಳೆಹಣ್ಣಿನ ಸೀಕರಣೆಗೆ. ಕಳಿತ ಹಣ್ಣನ್ನು ಕೊಪ್ಪರಿಗೆಗೆ ಸುಲಿದು ಹಾಕಿ, ಸೆರಗು ಸಿಕ್ಕಿಸಿ, ಮೊಣಕೈವರೆಗೆ ಕೈ ಇಳಿಸಿ ಹಿಚುಕುತ್ತಿದ್ದಳು. ಮೇಲೆ ಕಾಸಿ ಆರಿಸಿದ ಹಾಲು, ಬೆಲ್ಲದ ಪುಡಿ, ಏಲಕ್ಕಿ. "ಸೌಟು ಹಾಕಿ ಕಲಸ್ರಿ ನೀಲಕ್ಕ, ಕೈ ನೋಯ್ತದೆ" ಅಂತ ಯಾರಾದರೂ ಅಂದರೆ, "ಸೌಟು ಹಾಕಿದ್ರೆ ಹಣ್ಣು ಮುನಿಸ್ಕೊಳ್ತದ್ರೀ" ಅನ್ನುತ್ತಿದ್ದಳು. ಬೆಳಿಗ್ಗೆಯೇ ಮಾಡಿ, ಒದ್ದೆ ಬಟ್ಟೆ ಮುಚ್ಚಿ ಇಟ್ಟರೆ ಮಧ್ಯಾಹ್ನದ ಪಂಕ್ತಿಗೆ ಹದವಾಗಿ ರಸ ಬಿಡುತ್ತಿತ್ತು. ಹೋಳಿಗೆಯ ಜೊತೆ ಅದನ್ನು ಉಂಡವರೆಲ್ಲ ಹೇಳುತ್ತಿದ್ದದ್ದು ಒಂದೇ ಮಾತು: ಎಲ್ಲಾ ನೀಲಕ್ಕನ ಕೈಗುಣ.

ಆ ಬೇಸಗೆ ಹೊಸಬಾಳೆಯ ಪರಮಶಿವಪ್ಪನವರ ಮನೆಯಲ್ಲಿ ಮದುವೆ. ಅವರ ಹೆಂಡತಿ ರಾಜೇಶ್ವರಮ್ಮ ನೀಲಾಂಬಿಕೆಯ ಬಾಲ್ಯದ ಗೆಳತಿ, ಅವಳ ಬಾಯಲ್ಲಿ ಬರೀ ರಾಜಿ; ಒಂದೇ ಬೀದಿಯಲ್ಲಿ ಕುಂಟಾಬಿಲ್ಲೆ ಆಡಿ ಬೆಳೆದವರು. ಮಗಳ ಮದುವೆಗೆ ಗೆಳತಿಯನ್ನು ಮೊದಲೇ ಕರೆಸಿಕೊಂಡಿದ್ದಳು. ಊಟ ಸುಸೂತ್ರವಾಗಿ ನಡೆಯಿತು. ಬೀಗರು ಹೊಗಳಿದರು. ನೀಲಾಂಬಿಕ ಮರುದಿನವೇ ಇನ್ನೊಂದು ಮನೆಗೆ ಹೊರಟುಹೋದಳು.

ಎರಡು ವಾರ ಕಳೆಯುವಷ್ಟರಲ್ಲಿ ಹೊಸಬಾಳೆಯಿಂದ ಸುದ್ದಿ ಬಂತು. ಮದುವೆ ಮನೆಯಲ್ಲಿ ಜ್ವರ, ಪಕ್ಕದ ಮನೆಯಲ್ಲಿ ಜ್ವರ, ಬೀಗರ ಊರಲ್ಲೂ ಜ್ವರ. ಮೆಟ್ಟಿಲು ಹತ್ತಿದಂತೆ ದಿನದಿಂದ ದಿನಕ್ಕೆ ಏರುವ ಜ್ವರ. ನೀಲಾಂಬಿಕ ಬಸ್ಸು ಹತ್ತಿ ಓಡಿದಳು. ರಾಜೇಶ್ವರಮ್ಮ ಕಂಬಳಿ ಹೊದ್ದು ಮಲಗಿದ್ದಳು, ನಾಲಗೆ ಬಿಳಿ ಹಿಟ್ಟು ಬಳಿದಂತಾಗಿತ್ತು. ನೀಲಾಂಬಿಕ ಗೆಳತಿಯ ಹಣೆಗೆ ತಣ್ಣೀರ ಪಟ್ಟಿ ಹಾಕಿದಳು, ಗಂಜಿ ಕುಡಿಸಿದಳು, ಹಾಸಿಗೆ ಬದಲಿಸಿದಳು, ಮನೆಯ ಉಳಿದ ರೋಗಿಗಳನ್ನೂ ನೋಡಿಕೊಂಡಳು. ಮೂರನೆಯ ವಾರ ರಾಜೇಶ್ವರಮ್ಮನಿಗೆ ಇದ್ದಕ್ಕಿದ್ದಂತೆ ಹೊಟ್ಟೆ ಕಲ್ಲಿನಂತೆ ಬಿಗಿಯಿತು. ಗಾಡಿ ಕಟ್ಟಿ ಸೊರಬಕ್ಕೆ ಒಯ್ಯುವ ದಾರಿಯಲ್ಲೇ ತೀರಿಕೊಂಡಳು.

ಸೊರಬದಿಂದ ಆರೋಗ್ಯ ಇನ್‌ಸ್ಪೆಕ್ಟರ್ ಗುತ್ಯಪ್ಪ ಬಂದ. ಆ ಕಡೆಯವನೇ, ಚುರುಕು ಮನುಷ್ಯ, ಸೈಕಲ್ಲಿನ ಹಿಂದೆ ಬ್ಲೀಚಿಂಗ್ ಪುಡಿಯ ಡಬ್ಬ ಕಟ್ಟಿಕೊಂಡು ತಿರುಗುವವನು. ಬಾವಿಯ ನೀರೇ ಕಾರಣ ಅಂತ ಎಲ್ಲರೂ ನಂಬಿದರು. ಅವನು ಬಾವಿಗೆ ಪುಡಿ ಹಾಕಿದ, ನೀರು ಕುದಿಸಿ ಕುಡಿಯಿರಿ ಅಂತ ಮನೆಮನೆಗೆ ಹೇಳಿದ. ಜ್ವರ ನಿಂತಿತು. ಬಾವಿಯೇ ಕಾರಣ ಅನ್ನುವುದಕ್ಕೆ ಸಾಕ್ಷಿ ಸಿಕ್ಕಂತಾಯಿತು.

ಆದರೆ ಮುಂದಿನ ಮದುವೆ ಕಾಲದಲ್ಲಿ ಗುಡವಿಯ ಹತ್ತಿರದ ಇನ್ನೊಂದು ಮನೆಯಲ್ಲಿ ಅದೇ ಜ್ವರ ಎದ್ದಿತು. ಹೊಸಬಾಳೆಯ ಬಾವಿಗೂ ಆ ಊರಿಗೂ ಯಾವ ಸಂಬಂಧವೂ ಇಲ್ಲ. ಇನ್ನೂ ವಿಚಿತ್ರವೆಂದರೆ ಒಂದೇ ನೀರು ಕುಡಿದ ಊರಿನಲ್ಲಿ ಮದುವೆಗೆ ಬಂದವರಿಗಷ್ಟೇ ಜ್ವರ. ಅವರಲ್ಲೂ ಎಲ್ಲರಿಗಲ್ಲ. ಗುತ್ಯಪ್ಪನಿಗೆ ನೆಮ್ಮದಿ ತಪ್ಪಿತು. ಮನೆಮನೆ ಹೊಕ್ಕು, "ಅವತ್ತು ಎಂತೆಂತ ಉಂಡ್ರಿ?" ಅಂತ ಕೇಳತೊಡಗಿದ. ಜ್ವರ ಬಂದವರನ್ನು ಬಿಟ್ಟು ಬಾರದವರನ್ನೇ ಹೆಚ್ಚು ಕೇಳಿದ. ಕೆಮ್ಮಿನ ಮುದುಕನೊಬ್ಬ ಬಾಳೆಹಣ್ಣು ಶೀತವೆಂದು ಮುಟ್ಟಿರಲಿಲ್ಲ. ಅವನು ಗಟ್ಟಿಯಾಗಿದ್ದ, ಪಕ್ಕದಲ್ಲಿ ಕೂತು ಉಂಡ ಅವನ ಹೆಂಡತಿ ಮಲಗಿದ್ದಳು. ಬಡಿಸಿ ಬಡಿಸಿ ಕಡೆಯ ಪಂಕ್ತಿಗೆ ಕೂತ ಹೆಂಗಸರಿಗೆ ಸೀಕರಣೆ ಮುಗಿದುಹೋಗಿತ್ತು. ಅವರಿಗೂ ಏನೂ ಆಗಿರಲಿಲ್ಲ.

"ಸೀಕರಣೆ ಮಾಡಿದ್ದು ಯಾರು?" ಅಂತ ಗುತ್ಯಪ್ಪ ಕೇಳಿದ.

ಅವರು ಹೇಳಿದರು. ಹೊಸಬಾಳೆಗೆ ಹೋಗಿ ಅದೇ ಪ್ರಶ್ನೆ ಕೇಳಿದ. ಅಲ್ಲೂ ಅದೇ ಹೆಸರು.

ಶಿಕಾರಿಪುರದ ಪೇಟೆಯಲ್ಲಿ ಡಾಕ್ಟರ್ ಪಂಚಾಕ್ಷರಪ್ಪ ಸ್ವಂತ ದವಾಖಾನೆ ಇಟ್ಟಿದ್ದರು. ಮಾತು ಮೆದು, ಅವಸರವಿಲ್ಲದ ಮನುಷ್ಯ. ಗುತ್ಯಪ್ಪ ನೇರವಾಗಿ ಅವರ ಬಳಿಗೆ ಹೋದ. ಇಬ್ಬರೂ ಸೇರಿ ನೀಲಾಂಬಿಕೆಯ ಮನೆಗೆ ಬಂದಾಗ ಅವಳು ನಿಂತುಕೊಂಡೇ ಅಕ್ಕಿ ಕೇರುತ್ತಿದ್ದಳು. ಡಾಕ್ಟರು ಸುತ್ತು ಬಳಸಿ ವಿಷಯಕ್ಕೆ ಬಂದರು. ಸ್ವಲ್ಪ ರಕ್ತ ಬೇಕು ಅಂದರು. ಮಲವನ್ನೂ ಒಂದು ಸೀಸೆಯಲ್ಲಿ ಕೊಡಬೇಕು ಅಂದರು.

ಮೊರ ನೆಲಕ್ಕೆ ಬಿತ್ತು. "ಏನಂದ್ರೀ? ನನ್ನ ಕೈಯಡುಗೆ ಉಂಡು ಹೋದೋರು ಈಗ ಇದನ್ನ ಕೇಳೋಕೆ ಬಂದ್ರಾ? ನಾಚಿಕೆ ಆಗಲ್ವೇನ್ರೀ?"

"ನೀಲಾಂಬಿಕಮ್ಮ, ಸಿಟ್ಟಾಗಬೇಡ್ರಿ. ಅನುಮಾನ ಹೋಗಲಿ ಅಂತ ಕೇಳೋದು."

"ನನ್ನನ್ನ ನೋಡ್ರಿ. ಜ್ವರ ಇದೆಯಾ ನಂಗೆ? ನೆಗಡಿನಾದ್ರೂ ಇದೆಯಾ?"

"ಇಲ್ಲ. ಅದೇ ತೊಂದರೆ" ಅಂದ ಗುತ್ಯಪ್ಪ.

ಅವಳು ಇಬ್ಬರನ್ನೂ ಹೊರಗೆ ಕಳಿಸಿದಳು. ಆದರೆ ಮಾತು ಹೊಸಿಲು ದಾಟಿತ್ತು. ಶಿಕಾರಿಪುರದಂಥ ಊರಿನಲ್ಲಿ ಅದು ಪೇಟೆಬೀದಿ ಮುಟ್ಟಲು ಎಷ್ಟು ಹೊತ್ತು? ಬಂದ ಒಂದು ಕರೆ ರದ್ದಾಯಿತು. ಇನ್ನೊಂದು ಮನೆಯವರು, "ಈ ಸಲ ದಾವಣಗೆರೆ ಕಡೆಯಿಂದ ಅಡುಗೆಯೋರು ಬರ್ತಿದ್ದಾರೆ" ಅಂದರು. ಮೂರನೆಯ ಮನೆಯಲ್ಲಿ ಅವಳು ಬಾಗಿಲಿಗೆ ಹೋದಾಗ ಅತ್ತೆಯಾದವಳು ನಡುವೆ ಅಡ್ಡ ನಿಂತು, "ಒಳಗೆ ಬರಬ್ಯಾಡ ತಾಯಿ, ನಿನ್ನ ಕೈಗುಣ ನಮಗೆ ಗೊತ್ತು" ಅಂದಳು. ಹೊಗಳಿಕೆಯಾಗಿದ್ದ ಅದೇ ಮಾತು. ನೀಲಾಂಬಿಕ ಮನೆಗೆ ಬಂದು ತನ್ನ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಮರುದಿನ ತಾನಾಗಿಯೇ ದವಾಖಾನೆಗೆ ಹೋಗಿ, "ತಗೊಳ್ರಿ, ಏನೇನು ಬೇಕೋ ತಗೊಳ್ರಿ. ನಾನು ಶುದ್ಧ ಅಂತ ಊರಿಗೆಲ್ಲ ಕೇಳೋ ಹಂಗೆ ಹೇಳಬೇಕು ನೀವು" ಅಂದಳು.

ಸೀಸೆ ಶಿವಮೊಗ್ಗೆಯ ಪ್ರಯೋಗಾಲಯಕ್ಕೆ ಹೋಯಿತು. ಆ ದಿನಗಳಲ್ಲಿ ಅವಳಿಗೆ ಎಲ್ಲೂ ಕಾಲು ನಿಲ್ಲಲಿಲ್ಲ. ಕುಮುದ್ವತಿಯ ದಂಡೆಗೆ ಹೋಗುತ್ತಿದ್ದಳು, ವಾಪಸ್ಸು ಬರುತ್ತಿದ್ದಳು, ಬೆಳಗಿದ ಪಾತ್ರೆಯನ್ನೇ ಮತ್ತೆ ಬೆಳಗುತ್ತಿದ್ದಳು. ಕಡೆಗೆ ಡಾಕ್ಟರು ಕರೆಸಿದರು. ಅವರು ಕುರ್ಚಿ ತೋರಿಸಿದರು, ಅವಳು ಕೂರಲಿಲ್ಲ.

"ಹಾಲಿಗೆ ಹೆಪ್ಪು ಹಾಕ್ತೀರಲ್ಲ, ಎಷ್ಟು ಹಾಕ್ತೀರಿ?" ಅಂತ ಕೇಳಿದರು ಡಾಕ್ಟರು.

"ಒಂದು ಚಮಚ. ಯಾಕ್ರೀ?"

"ಒಂದು ಚಮಚದಿಂದ ಬೆಳಗಾಗೋದರೊಳಗೆ ಗಡಿಗೆ ಹಾಲೆಲ್ಲ ಹೆಂಗೆ ಮೊಸರಾಗ್ತದೆ? ಆ ಹೆಪ್ಪಿನಲ್ಲಿ ಕಣ್ಣಿಗೆ ಕಾಣದ ಜೀವಗಳಿದಾವೆ. ಬೆಚ್ಚಗಿನ ಹಾಲು ಸಿಕ್ಕಿದ್ರೆ ಒಂದು ಎರಡಾಗ್ತದೆ, ಎರಡು ನಾಲ್ಕಾಗ್ತದೆ. ಆ ಜೀವಗಳು ಒಳ್ಳೆಯವು, ನಮಗೆ ಮೊಸರು ಕೊಡ್ತವೆ. ಎಲ್ಲವೂ ಹಂಗಲ್ಲ. ವಿಷಮಶೀತ ಜ್ವರ ತರೋ ಜಾತಿ ಬೇರೆ ಇದೆ. ಜ್ವರ ಬಿಟ್ಟ ಮೇಲೆ ಅದು ಸಾಮಾನ್ಯವಾಗಿ ದೇಹ ಬಿಟ್ಟುಹೋಗ್ತದೆ. ಕೆಲವರಲ್ಲಿ ಹೋಗಲ್ಲ. ಪಿತ್ತಕೋಶದಲ್ಲಿ ಮನೆ ಮಾಡ್ಕೊಂಡು ವರ್ಷಾನುಗಟ್ಟಲೆ ಉಳಿದುಬಿಡ್ತದೆ. ದೇಹ ಅದಕ್ಕೆ ಒಗ್ಗಿಹೋಗಿರ್ತದೆ, ಅವರಿಗೆ ಏನೂ ಆಗಲ್ಲ. ಆದರೆ ಮಲದಲ್ಲಿ ಆಗಾಗ ಹೊರಗೆ ಬರ್ತಿರ್ತದೆ. ಕೈಗೆ, ಉಗುರಿನ ಸಂದಿಗೆ ಸೇರ್ತದೆ. ತಂಬಿಗೆ ನೀರಲ್ಲಿ ತೊಳೆದ ಮಾತ್ರಕ್ಕೆ ಹೋಗಲ್ಲ. ನಿಮ್ಮ ಸೀಸೆಯಲ್ಲಿ ಅದೇ ಸಿಕ್ಕಿದೆ."

ನೀಲಾಂಬಿಕ ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡಳು. ಆಮೇಲೆ, "ಹಂಗಾದ್ರೆ ನನ್ನ ಸಾರು ಉಂಡೋರು? ಹೋಳಿಗೆ ಉಂಡೋರು?" ಅಂದಳು.

"ಬೆಂಕಿ ಮೇಲೆ ಕುದಿದದ್ದರಲ್ಲಿ, ಬೆಂದದ್ದರಲ್ಲಿ ಅದು ಬದುಕಲ್ಲ. ಸೀಕರಣೆ ಕುದಿಯಲ್ಲ. ಬೆಲ್ಲ, ಹಾಲು, ಹಣ್ಣು, ಬೇಸಗೆಯ ಸೆಕೆ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಅದು ಹೆಪ್ಪಿನ ಹಂಗೇ ಬೆಳೆದಿರ್ತದೆ."

"ಇಷ್ಟು ವರ್ಷ ಮಾಡಿದೀನಲ್ರೀ! ಆವಾಗೆಲ್ಲ ಯಾಕೆ ಆಗಲಿಲ್ಲ?"

"ಆಗಿರಬಹುದು. ಎಲ್ಲಾ ದಿನವೂ ಕ್ರಿಮಿ ಹೊರಗೆ ಬೀಳಲ್ಲ. ಬಿದ್ದ ದಿನ ಉಂಡು ಹೋದೋರು ಅವರವರ ಊರಲ್ಲಿ ಮಲಗಿರ್ತಾರೆ. ಯಾರು ಕೂಡಿಸಿ ನೋಡಿದಾರೆ?"

ಅವಳಿಗೆ ಅರ್ಥವಾಗಲಿಲ್ಲವೆಂದಲ್ಲ. ಹೆಪ್ಪಿನ ಸಂಗತಿ ಅವಳಿಗಿಂತ ಚೆನ್ನಾಗಿ ಗೊತ್ತಿದ್ದವರು ಯಾರು? ಅರ್ಥವಾಗಿದ್ದರಿಂದಲೇ ಅಲ್ಲಿ ನಿಲ್ಲಲಾಗಲಿಲ್ಲ. "ಸುಳ್ಳು" ಅಂದಳು. "ಹೆಂಗಸು ಒಬ್ಬಳೇ ಇದಾಳೆ ಅಂತ ಎಲ್ಲಾ ನನ್ನ ತಲೆಗೆ ಕಟ್ತಿದೀರಿ." ಡಾಕ್ಟರು ಕೊಡಲು ತೆಗೆದಿಟ್ಟ ಮಾತ್ರೆಗಳನ್ನು ಮೇಜಿನ ಮೇಲೇ ಬಿಟ್ಟು ಹೊರಟುಹೋದಳು. ಮನೆಗೆ ಬೀಗ ಹಾಕಿ, ಬಟ್ಟೆ ಗಂಟು ಕಟ್ಟಿಕೊಂಡು ಶಿರಾಳಕೊಪ್ಪದ ಬಸ್ಸು ಹಿಡಿದಳು. ಅಲ್ಲಿಂದ ಸೊರಬ, ಸೊರಬದಿಂದ ಉಳವಿ. ಉಳವಿಯಲ್ಲಿ ಅವಳ ತಂಗಿ ಮಹಾದೇವಮ್ಮನ ಮನೆಯಿತ್ತು.

ತಂಗಿಗೆ ಏನೂ ಹೇಳಲಿಲ್ಲ. "ಸುಸ್ತಾಗಿದೆ, ಸ್ವಲ್ಪ ದಿನ ಇರ್ತೀನಿ" ಅಂದಳು. ಎಂದೂ ಸುಸ್ತು ಅನ್ನದ ಅಕ್ಕ ಹಾಗಂದದ್ದು ಮಹಾದೇವಮ್ಮನಿಗೆ ಆಶ್ಚರ್ಯವಾಯಿತು, ಆದರೆ ಕೆದಕಲಿಲ್ಲ. ನೀಲಾಂಬಿಕ ಗದ್ದೆಗೆ ಹೋದಳು, ಸಸಿ ಕಿತ್ತಳು, ಕೊಟ್ಟಿಗೆ ಬಳಿದಳು. ಅಡುಗೆ ಮನೆಗೆ ಮಾತ್ರ ಕಾಲಿಡಲಿಲ್ಲ. ಡಾಕ್ಟರ ಮಾತು ಸುಳ್ಳೆಂದು ಬಾಯಲ್ಲಿ ಹೇಳಿದ್ದಳಷ್ಟೆ. ಕೈಗಳು ನಂಬಿಬಿಟ್ಟಿದ್ದವು.

ಆದರೆ ಆ ಮನೆಯಲ್ಲಿ ಚೌಡೇಶ್ವರಿ ಇದ್ದಳು, ತಂಗಿಯ ಮಗಳು. ಶಾಲೆ ಬಿಟ್ಟು ಬಂದವಳೇ ದೊಡ್ಡಮ್ಮನ ಹಿಂದೆ ಸುತ್ತುತ್ತಿದ್ದಳು. ಹಿತ್ತಲಲ್ಲಿ ಪುಟ್ಟಬಾಳೆಯ ಗೊನೆ ಹಣ್ಣಾದ ದಿನ ಹಟ ಹಿಡಿದಳು. "ದೊಡ್ಡಮ್ಮ, ಊರೆಲ್ಲ ನಿನ್ನ ಸೀಕರಣೆ ಉಂಡಿದೆ. ನಾನೊಬ್ಬಳೇ ಉಂಡಿಲ್ಲ."

"ಬ್ಯಾಡ ಮಗಾ. ನಿಮ್ಮವ್ವ ಮಾಡ್ತಾಳೆ."

"ಅವ್ವನ್ದು ನಂಗೆ ಬ್ಯಾಡ. ನಿಂದೇ ಬೇಕು."

ಮಹಾದೇವಮ್ಮನೂ ಸೇರಿಕೊಂಡಳು. "ಎಂತಕ್ಕ ನಿಂದು? ಮಗು ಅಷ್ಟು ಕೇಳ್ತಿದೆ. ಯಾರ್ಯಾರದೋ ಮನೆಗೆ ಕೊಪ್ಪರಿಗೆಗಟ್ಟಲೆ ಮಾಡ್ತೀಯ."

ಆ ಗಳಿಗೆಯಲ್ಲಿ ಹೇಳಿಬಿಟ್ಟಿದ್ದರೆ ಆಗುತ್ತಿತ್ತು. ಹೇಳಲು ಬಾಯಿ ಬರಲಿಲ್ಲ. ಕೈಯನ್ನು ಬಿಸಿನೀರಲ್ಲಿ ತೊಳೆದಳು, ಮತ್ತೆ ತೊಳೆದಳು, ಬೂದಿ ಹಾಕಿ ತಿಕ್ಕಿದಳು. ಇಷ್ಟು ತೊಳೆದ ಮೇಲೆ ಏನು ಉಳಿದೀತು ಅಂದುಕೊಂಡು ಒಂದು ಬಟ್ಟಲಿನಷ್ಟು ಮಾಡಿಕೊಟ್ಟಳು. ಹುಡುಗಿ ಬೆರಳು ನೆಕ್ಕಿದಳು. ನೀಲಾಂಬಿಕ ಅಂದಿನಿಂದ ದಿನವೂ ಆ ಮಗುವಿನ ಹಣೆ ಮುಟ್ಟಿ ನೋಡತೊಡಗಿದಳು. ಬೆಳಿಗ್ಗೆ ಮುಟ್ಟುವಳು, ಶಾಲೆಯಿಂದ ಬಂದಾಗ ಮುಟ್ಟುವಳು. ಹಣೆ ತಣ್ಣಗಿತ್ತು. ವಾರ ಕಳೆಯಿತು, ತಣ್ಣಗೇ ಇತ್ತು. ಡಾಕ್ಟರು ಹೇಳಿದ್ದು ಸುಳ್ಳೇ ಇರಬೇಕು ಅಂತ ಅವಳ ಎದೆ ಹಗುರಾಗುತ್ತ ಬಂತು.

ಒಂದು ಬೆಳಿಗ್ಗೆ ಚೌಡೇಶ್ವರಿ, "ತಲೆ ನೋಯ್ತಿದೆ, ಶಾಲೆಗೆ ಹೋಗಲ್ಲ" ಅಂದಳು. ನೀಲಾಂಬಿಕ ಹಣೆ ಮುಟ್ಟಿದಳು. ಕೈ ಹಿಂದಕ್ಕೆ ಎಳೆದುಕೊಂಡಳು.

ತಂಗಿ ಕಷಾಯಕ್ಕೆ ನೀರಿಟ್ಟಿದ್ದಳು. ನೀಲಾಂಬಿಕ ಅಡುಗೆ ಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಹೇಳಿದಳು. ಹೊಸಬಾಳೆ, ಗುಡವಿ, ಸೀಸೆ, ಹೆಪ್ಪು, ಯಾವುದನ್ನೂ ಬಿಡಲಿಲ್ಲ. ಮಹಾದೇವಮ್ಮ ಕೇಳುತ್ತ ಕೇಳುತ್ತ ಒಲೆಯ ಮುಂದೆ ಕೂತುಬಿಟ್ಟಳು.

"ಗೊತ್ತಿದ್ದೂ ಕೊಟ್ಟೆಯಾ ಅಕ್ಕ?"

"ಗೊತ್ತಿತ್ತು. ನಂಬಬಾರದು ಅಂತ ಇದ್ದೆ."

"ನನ್ನ ಮಗಳಿಗೆ!"

"ಬೈಯೋದು ಆಮೇಲೆ ಬೈಯಿ, ಜೀವ ಇರೋ ತನಕ ಬೈಯಿ. ಈಗ ಎದ್ದೇಳು. ಜ್ವರ ಹತ್ತೋಕೆ ಮುಂಚೆ ಹೋದರೆ ಅದಕ್ಕೆ ಮಾತ್ರೆ ಇದೆ. ರಾಜಿಗೆ ಕೊಡಿಸೋಕೆ ನಂಗೆ ತಿಳಿದಿರಲಿಲ್ಲ. ಬಸ್ಸಿನ ಹೊತ್ತಾಯ್ತು, ಎದ್ದೇಳು."

ಬಸ್ಸಿನಲ್ಲಿ ಮಹಾದೇವಮ್ಮ ಮಗಳನ್ನು ಮಡಿಲಲ್ಲಿ ಹಾಕಿಕೊಂಡು ಮುಂದೆ ಕೂತಳು. ನೀಲಾಂಬಿಕ ಹಿಂದಿನ ಬಾಗಿಲ ಹತ್ತಿರ ಸರಳು ಹಿಡಿದು ನಿಂತಳು. ಜಾಗವಿದ್ದರೂ ಯಾರ ಪಕ್ಕವೂ ಕೂರಲಿಲ್ಲ.

ಡಾಕ್ಟರ್ ಪಂಚಾಕ್ಷರಪ್ಪ ಒಂದು ಪ್ರಶ್ನೆಯನ್ನೂ ಹೆಚ್ಚು ಕೇಳಲಿಲ್ಲ. ಹುಡುಗಿಯನ್ನು ದವಾಖಾನೆಯ ಒಳಕೋಣೆಯಲ್ಲಿ ಮಲಗಿಸಿಕೊಂಡರು. ಕ್ಲೋರಾಂಫೆನಿಕಾಲ್ ಅನ್ನುವ ಹೊಸ ಕಾಲದ ಮಾತ್ರೆ, ಮೊದಲಾಗಿದ್ದರೆ ವಾರಗಟ್ಟಲೆ ಸುಡುತ್ತಿದ್ದ ಜ್ವರವನ್ನು ಕೆಲವೇ ದಿನಗಳಲ್ಲಿ ಇಳಿಸುವಂಥದ್ದು. ಆದರೂ ಆ ಕೆಲವು ದಿನ ಜ್ವರ ಇಳಿದಂತೆ ಮಾಡಿ ಮತ್ತೆ ಏರುತ್ತಿತ್ತು, ಹುಡುಗಿ ಕನವರಿಸುತ್ತಿದ್ದಳು. ನೀಲಾಂಬಿಕ ಒಳಗೆ ಹೋಗಲಿಲ್ಲ. ದವಾಖಾನೆಯ ಹಿಂದೆ ಒಲೆ ಹೂಡಿ, ರೋಗಿಯ ಹಾಸಿಗೆ ಬಟ್ಟೆ, ಲೋಟ, ಬಟ್ಟಲುಗಳನ್ನು ಹಂಡೆಯಲ್ಲಿ ಕುದಿಸಿದಳು. ಡಾಕ್ಟರು ಹೇಳಿದಂತೆ ಮಲಮೂತ್ರಕ್ಕೆ ಬ್ಲೀಚಿಂಗ್ ಪುಡಿ ಹಾಕಿ, ಸ್ವಲ್ಪ ಹೊತ್ತು ಬಿಟ್ಟು, ಬಾವಿಯಿಂದ ದೂರ ಗುಂಡಿ ತೋಡಿ ಹುಗಿದಳು. ಪ್ರತಿ ಸಲವೂ ಸಾಬೂನು ಹಾಕಿ ಕೈ ತಿಕ್ಕಿದಳು. ಚರ್ಮ ಬಿರಿದು ಬೆರಳ ಸಂದಿಯಲ್ಲಿ ರಕ್ತ ಒಸರಿತು.

"ಅಷ್ಟು ತಿಕ್ಕಬೇಡ್ರೀ" ಅಂದರು ಡಾಕ್ಟರು. "ಉಗುರು ಕತ್ತರಿಸಿ. ಸಾಬೂನು ನೊರೆ ಬರುವಷ್ಟು ತಿಕ್ಕಿ, ಹರಿಯೋ ನೀರಲ್ಲಿ ತೊಳೀರಿ. ಸಾಕು. ಚರ್ಮ ಒಡೆದರೆ ಅಲ್ಲಿ ಬೇರೆ ಕ್ರಿಮಿ ಸೇರ್ತಾವೆ."

"ಒಳಗೆ ಇರೋದಕ್ಕೆ ಸಾಬೂನು ಇಲ್ವೇನ್ರೀ?"

"ಅದೇ ಮಾತ್ರೆ ನೀವೂ ತಗೊಂಡು ನೋಡಬೇಕು. ಆದರೆ ಪಿತ್ತಕೋಶದಲ್ಲಿ ಅಡಗಿದ್ದನ್ನು ಅದು ಓಡಿಸೋದು ಕಷ್ಟ."

ಚೌಡೇಶ್ವರಿಗೆ ಜ್ವರ ಬಿಟ್ಟಿತು. ಹುಡುಗಿ ಎದ್ದು ಕೂತು ಹಸಿವು ಅಂದ ದಿನ ಮಹಾದೇವಮ್ಮ ಹಿತ್ತಲಿಗೆ ಬಂದು ಅಕ್ಕನ ಪಕ್ಕ ನಿಂತಳು. "ಗಂಜಿ ಇಡ್ತೀಯಾ ಕುದಿಯೋಕೆ?" ಅಂದಳು. ನೀಲಾಂಬಿಕ ಇಲ್ಲವೆಂದು ತಲೆ ಅಲ್ಲಾಡಿಸಿ, ಬೆಂಕಿ ಮುಂದೆ ಮಾಡಿ, ಪಾತ್ರೆಯನ್ನು ತಂಗಿಯ ಕಡೆಗೆ ಸರಿಸಿದಳು.

ಮಾತ್ರೆ ನುಂಗಿ ಮುಗಿಸಿದ ಮೇಲೆ ಮತ್ತೆ ಪರೀಕ್ಷೆ. ಈ ಸಲ ಫಲಿತಾಂಶ ಕೇಳಲು ನೀಲಾಂಬಿಕ ತಾನೇ ಶಿವಮೊಗ್ಗೆಗೆ ಹೋದಳು. ಬೇರೆ ಕೆಲಸಕ್ಕೆ ಹೊರಟಿದ್ದ ಗುತ್ಯಪ್ಪ ಜೊತೆಗಿದ್ದ. ಪ್ರಯೋಗಾಲಯದಲ್ಲಿದ್ದ ವಯಸ್ಸಾದ ಡಾಕ್ಟರು ಗಾಜಿನ ಮುಚ್ಚಳದ ಒಂದು ತಟ್ಟೆ ತೋರಿಸಿದರು. ಕಡಲ ಪಾಚಿಯಿಂದ ತೆಗೆದ ಅಗರ್ ಎಂಬ ಲೋಳೆಯನ್ನು ಸಾರಿನ ಜೊತೆ ಹೆಪ್ಪುಗಟ್ಟಿಸಿ ಮಾಡಿದ ಹಾಸಿಗೆ ಅದು. ಅದರ ಮೇಲೆ ಸಣ್ಣ ಸಣ್ಣ ಬಿಂದುಗಳು, ಇಬ್ಬನಿ ಬಿದ್ದ ಹಾಗೆ.

"ನೀವು ಕೊಟ್ಟದ್ದರಲ್ಲಿ ಒಂದು ಕಣದಷ್ಟು ಇಲ್ಲಿ ಎಳೆದೆವಮ್ಮ. ಒಂದೊಂದು ಬಿಂದುವೂ ಒಂದೊಂದು ಸಂಸಾರ. ಲಕ್ಷಗಟ್ಟಲೆ ಇರ್ತಾವೆ."

"ಮಾತ್ರೆ ತಗೊಂಡ ಮೇಲೂ ಇದಾವಾ?"

"ಇದಾವೆ."

ಆಮೇಲೆ ಸೂಕ್ಷ್ಮದರ್ಶಕದ ಮುಂದೆ ಕರೆದರು. ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ನೋಡಲು ಅವಳಿಗೆ ಬರಲಿಲ್ಲ. ಗುತ್ಯಪ್ಪ ಅವಳ ಎಡಗಣ್ಣಿಗೆ ಅವಳ ಸೆರಗನ್ನೇ ಅಡ್ಡ ಹಿಡಿದ. ಮೊದಲು ಬರೀ ಬೆಳಕು ಕಂಡಿತು. ಆಮೇಲೆ ಬೆಳಕಿನಲ್ಲಿ ಚಿಕ್ಕ ಚಿಕ್ಕ ಕಡ್ಡಿಗಳು, ಜೀರಿಗೆಯ ಚೂರಿನಂತೆ. ಒಂದೂ ನಿಂತಿರಲಿಲ್ಲ. ಹೊರಳುತ್ತಿದ್ದವು, ಡಿಕ್ಕಿ ಹೊಡೆಯುತ್ತಿದ್ದವು, ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಓಡುತ್ತಿದ್ದವು. ನೀಲಾಂಬಿಕ ಕಣ್ಣು ಕೀಳದೆ ನೋಡಿದಳು. ಗಂಡನನ್ನು ಕೊಂದದ್ದು ಇದೇ. ರಾಜಿಯನ್ನು ಕೊಂದದ್ದು ಇದೇ. ಇಷ್ಟು ವರ್ಷ ತನ್ನ ಹೊಟ್ಟೆಯಲ್ಲಿ ಹೊತ್ತು ಊರೂರಿಗೆ ಹಂಚಿದ್ದು ಇದನ್ನೇ.

"ಇದಕ್ಕೆ ಸಿಟ್ಟು ಇಲ್ವಲ್ರೀ" ಅಂದಳು ಕಡೆಗೆ. "ಯಾರ ಮೇಲೂ ಹಗೆ ಇದ್ದಂಗೆ ಕಾಣಲ್ಲ."

"ಇಲ್ಲಮ್ಮ. ಬದುಕಬೇಕು ಅಷ್ಟೇ ಅದಕ್ಕೆ" ಅಂದರು ಡಾಕ್ಟರು.

ಶಿವಮೊಗ್ಗೆಯಿಂದ ಬಂದವಳು ಮನೆಗೆ ಹೋಗಲಿಲ್ಲ. ಹೊಸಬಾಳೆಗೆ ಹೋದಳು. ಪರಮಶಿವಪ್ಪ ಕಣದಲ್ಲಿ ಹುಲ್ಲು ಒಟ್ಟಿಸುತ್ತಿದ್ದರು. ಹೆಂಡತಿ ಹೋದ ಮೇಲೆ ಮನುಷ್ಯ ಅರ್ಧವಾಗಿದ್ದರು. ಸುದ್ದಿ ಅವರ ಕಿವಿಗೂ ಬಿದ್ದಿತ್ತು, ಆದರೆ ನಂಬಿರಲಿಲ್ಲ. ನೀಲಾಂಬಿಕ ಕಣದ ಅಂಚಿನಲ್ಲಿ ನಿಂತು ಹೇಳಿದಳು. "ನಾನೇ ಅಣ್ಣಾ. ಬಾವಿ ಅಲ್ಲ. ರಾಜಿ ನನ್ನ ಕೈಯಿಂದ ಹೋದಳು. ನಂಗೆ ಆಗ ಗೊತ್ತಿರಲಿಲ್ಲ. ಈಗ ಕಣ್ಣಾರೆ ನೋಡಿ ಬಂದೆ."

ಪರಮಶಿವಪ್ಪ ಕೈಯಲ್ಲಿದ್ದ ಹುಲ್ಲಿನ ಕಟ್ಟನ್ನು ಕೆಳಗಿಟ್ಟರು. ಏನು ಹೇಳುತ್ತಾರೋ ಅಂತ ಆಳುಗಳೂ ಕೆಲಸ ನಿಲ್ಲಿಸಿದರು. "ಅವಳು ಮಲಗಿದ್ದಾಗ ಹಾಸಿಗೆ ಬದಲಿಸಿದೋಳೂ ನೀನೇ" ಅಂದರು ಅವರು. "ಅದನ್ನೂ ಮರೆಯೋಕೆ ಆಗಲ್ಲ, ಇದನ್ನೂ ಮರೆಯೋಕೆ ಆಗಲ್ಲ. ನೀನು ಇನ್ನು ಈ ಮನೆಗೆ ಬರಬ್ಯಾಡ ನೀಲಾ. ಬೈದು ಹೇಳ್ತಿಲ್ಲ. ನಿನ್ನ ನೋಡಿದ್ರೆ ತಡ್ಕೊಳ್ಳೋಕೆ ಆಗಲ್ಲ."

ಅವಳು ಮತ್ತೆಂದೂ ಆ ಮನೆಗೆ ಹೋಗಲಿಲ್ಲ.

ಪಿತ್ತಕೋಶವನ್ನೇ ತೆಗೆಸಿಬಿಟ್ಟರೆ ಕ್ರಿಮಿಯ ಮನೆ ಹೋಗುತ್ತದೆ, ಬಹುಪಾಲು ಜನರಲ್ಲಿ ಅದು ನಿಲ್ಲುತ್ತದೆ, ಆದರೆ ಹೊಟ್ಟೆ ಕೊಯ್ಯಿಸಿಕೊಳ್ಳುವುದು ಸಣ್ಣ ಮಾತಲ್ಲ ಅಂತ ಪಂಚಾಕ್ಷರಪ್ಪ ವಿವರಿಸಿದರು. ಅಡುಗೆ ಬಿಟ್ಟು, ಎಚ್ಚರಿಕೆಯಿಂದ ಮನೆಯಲ್ಲಿದ್ದರೂ ಆದೀತು ಅಂದರು. ಮಹಾದೇವಮ್ಮ ಅತ್ತಳು. "ಇದ್ದುಬಿಡಕ್ಕ. ಉಳವಿಲಿ ಇರು. ನಿನ್ನ ತಟ್ಟೆ ಲೋಟ ಬೇರೆ ಇಡೋಣ."

"ಹೆಂಗೆ ಇರ್ಲೇ? ಮೂಲೇಲಿ ಕೂತು ಕೈ ನೋಡ್ಕೋತಾ ಇರ್ಲಾ? ಕೂತು ಕೊಳೆಯೋದಕ್ಕಿಂತ ಕೊಯ್ಸಿಕೊಂಡು ಸಾಯೋದು ವಾಸಿ" ಅಂದಳು ನೀಲಾಂಬಿಕ.

ದೂರದ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಐವತ್ತೊಂಬತ್ತರ ಆರಂಭದಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಹೊಲಿಗೆ ಹಾಕಿದ ಹೊಟ್ಟೆ ಹೊತ್ತು ಮಲಗಿದ್ದ ದಿನಗಳೇ ಅವಳ ಪಾಲಿಗೆ ನರಕ. ನರ್ಸು ಮಲಗಿಸಿದರೆ ಏಳುವಳು, ಎದ್ದರೆ ಬಯ್ಯಿಸಿಕೊಳ್ಳುವಳು. ಹಾಸಿಗೆಯಲ್ಲಿದ್ದುಕೊಂಡೇ ಅಲ್ಲಿನವರು ಸೂಜಿ, ಕತ್ತರಿಗಳನ್ನು ನೀರಾವಿಯಲ್ಲಿ ಬೇಯಿಸುವುದನ್ನು ನೋಡಿ, "ಇಡ್ಲಿ ಬೇಯಿಸಿದಂಗೆ" ಅಂತ ಪಕ್ಕದ ರೋಗಿಗೆ ಹೇಳಿ ನಗಿಸಿದಳು. ಊರಿಗೆ ಬಂದ ಮೇಲೆ ತಿಂಗಳು ತಿಂಗಳಿಗೆ ಸೀಸೆ ಶಿವಮೊಗ್ಗೆಗೆ ಹೋಯಿತು. ಅಗರ್ ತಟ್ಟೆಯ ಮೇಲೆ ಆ ಬಿಂದುಗಳು ಏಳಲಿಲ್ಲ. ಎರಡನೆಯ ಸಲವೂ ಏಳಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಡಾಕ್ಟರು, "ಇನ್ನು ನೀವು ನಿಶ್ಚಿಂತೆಯಿಂದ ಇರಬಹುದು" ಅಂದರು.

ನಿಶ್ಚಿಂತೆ ಅವಳ ಜಾಯಮಾನವಲ್ಲ. ಮದುವೆ ಮನೆಗಳು ಮತ್ತೆ ಕರೆಯಲಿಲ್ಲ. ಕರೆದ ಒಂದಿಬ್ಬರಿಗೆ ಅವಳೇ ಒಲ್ಲೆನೆಂದಳು. ಆ ಹೊತ್ತಿಗೆ ಗುತ್ಯಪ್ಪನಿಗೆ ಒಂದು ಕಷ್ಟ ಎದುರಾಗಿತ್ತು. ಜ್ವರ ಬಾರದಂತೆ ತಡೆಯುವ ಚುಚ್ಚುಮದ್ದು ತಾಲ್ಲೂಕಿಗೆ ಬಂದಿತ್ತು, ಆದರೆ ಹಳ್ಳಿಯ ಹೆಂಗಸರು ಅವನ ಸೈಕಲ್ಲು ಕಂಡರೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ಚುಚ್ಚಿಸಿಕೊಂಡವರಿಗೆ ತೋಳು ಬಾತು ಒಂದು ದಿನ ಮೈ ಬಿಸಿಯಾಗುತ್ತದೆ, ಹಾಗಾಗಿ ರೋಗವನ್ನೇ ಚುಚ್ಚುತ್ತಾರೆ ಅನ್ನುವ ಗುಲ್ಲು. "ನೀವು ಜೊತೆಗೆ ಬನ್ನಿ ಅಮ್ಮ. ಯಾವ ಮನೆಗೆ ಹಿತ್ತಲ ಬಾಗಿಲು ಎಲ್ಲಿದೆ ಅಂತ ನಿಮಗೆ ಗೊತ್ತು" ಅಂದ ಅವನು.

ಅವಳು ಹೋದಳು. ನಡೆದಳು, ಬಸ್ಸು ಹತ್ತಿದಳು, ಗಾಡಿ ಏರಿದಳು. ಅಡುಗೆ ಮನೆಗಳ ಬಾಗಿಲಲ್ಲಿ ನಿಂತು ಹೆಪ್ಪಿನ ಕತೆ ಹೇಳಿದಳು, ಸಾಬೂನು ಹಚ್ಚುವುದನ್ನು ತೋರಿಸಿದಳು, ಮಕ್ಕಳ ಉಗುರು ಹಿಡಿದು ಕತ್ತರಿಸಿದಳು. ಕೆಲವರು ಕೇಳಿದರು. ಕೆಲವರು ಅವಳು ನಿಂತ ಜಾಗಕ್ಕೆ ಸಗಣಿ ನೀರು ಹಾಕಿದರು.

ಗುಡವಿಯ ಹತ್ತಿರದ ಆ ಮನೆಗೂ ಒಂದು ದಿನ ಹೋಗಬೇಕಾಯಿತು. ಕೆರೆಯ ಕಡೆಯಿಂದ ಹಕ್ಕಿಗಳ ಗದ್ದಲ ಅಂಗಳದವರೆಗೂ ಕೇಳುತ್ತಿತ್ತು. ಕೆಮ್ಮಿನ ಮುದುಕನ ಹೆಂಡತಿ, ಜ್ವರದಲ್ಲಿ ಮಲಗಿ ಎದ್ದಿದ್ದ ಬಸಕ್ಕ ಹೊರಗೆ ಬಂದವಳು, ಇವಳನ್ನು ಕಂಡು ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ನೀನಾ? ರೋಗ ತಂದು ಹಾಕಿದೋಳೇ ಈಗ ಮದ್ದು ತಂದ್ಯಾ? ಎಂತ ಮುಖ ಇಟ್ಕಂಡು ಬಂದೆ?"

"ಇದೇ ಮುಖ ಬಸಕ್ಕ. ಬೇರೆ ಇಲ್ಲ" ಅಂದಳು ನೀಲಾಂಬಿಕ. "ತಂದು ಹಾಕಿದೋಳು ನಾನೇ. ಅದು ಎಂಥದ್ದು ಅಂತ ಕಣ್ಣಿಂದ ನೋಡಿದೀನಿ. ನನ್ನಂಥೋಳು ಇನ್ನೊಬ್ಬಳು ಯಾವ ಊರಲ್ಲಿದಾಳೋ, ಅವಳಿಗೂ ಗೊತ್ತಿರಲ್ಲ. ಅವಳು ನಿಮ್ಮನೆಗೆ ಬರೋಕೆ ಮುಂಚೆ ಮಕ್ಕಳಿಗೆ ಚುಚ್ಚಿಸು."

ಬಸಕ್ಕ ಬೈದಳು, ಬೈಯುತ್ತಲೇ ಒಳಗೆ ಹೋದಳು. ಬಾಗಿಲು ಹಾಕಿದಳು ಅಂದುಕೊಂಡು ಗುತ್ಯಪ್ಪ ಸೈಕಲ್ಲು ತಿರುಗಿಸಿದ. ಅಷ್ಟರಲ್ಲಿ ಅವಳು ಮೂವರು ಮೊಮ್ಮಕ್ಕಳನ್ನು ಒಬ್ಬರ ಹಿಂದೊಬ್ಬರಂತೆ ಜಗಲಿಗೆ ನೂಕಿಕೊಂಡು ಬಂದಳು. ದೊಡ್ಡ ಹುಡುಗಿ ಅಳುತ್ತಿತ್ತು. ನೀಲಾಂಬಿಕ ಅದರ ತೋಳನ್ನು ಸ್ಪಿರಿಟ್ಟಿನ ಹತ್ತಿಯಿಂದ ಒರೆಸಿ, ಕೆರೆಯ ಕಡೆ ಮುಖ ಮಾಡಿಸಿ ಹಿಡಿದುಕೊಂಡಳು. ಬಸಕ್ಕ ಮಾತ್ರ ಕಂಬಕ್ಕೆ ಒರಗಿ ನಿಂತಳು. ತಾನು ತೋಳು ಕೊಡಲಿಲ್ಲ, ಕುಡಿಯಲು ನೀರನ್ನೂ ಕೊಡಲಿಲ್ಲ.